ಬಲ್ಬ್ ಉರಿದರೆ ಕರೆಂಟ್ ಸರಿ ಇದೆ ಅಂತ ಯಾರು ಹೇಳಿದ್ದು?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗಾಳಿಮಳೆ ಹೊಡೆದಾಗ ನಮ್ಮ ದೊಡ್ಡಮ್ಮನ ಊರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಲೈನ್ ಮೇಲೆ ಮರ ಬಿದ್ದಿತ್ತು, ಕಂಬಗಳೂ ಮಲಗಿದ್ದವು. ಮಲೆನಾಡಿನವರಿಗೆ ಇದೇನು ಹೊಸದಲ್ಲ. ಆದರೆ ದೊಡ್ಡಮ್ಮನಿಗೆ ಕರೆಂಟ್ ಇಲ್ಲದೆ ಆಗಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿ ಊದಿ ಅವರ ಶ್ವಾಸಕೋಶ ಕೆಟ್ಟಿದೆ. ರಾತ್ರಿ ಮಲಗುವಾಗ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕೇ ಬೇಕು.

ಹೋಬಳಿಯ ಒಂದು ಶಾಮಿಯಾನ ಅಂಗಡಿಯಿಂದ ಸಣ್ಣ ಪೆಟ್ರೋಲ್ ಜನರೇಟರ್ ಬಾಡಿಗೆಗೆ ತಂದೆವು. ತಂದುಕೊಟ್ಟ ಹುಡುಗ ಹಗ್ಗ ಎಳೆದು ಸ್ಟಾರ್ಟ್ ಮಾಡಿದ, ಹೋಲ್ಡರ್‌ಗೆ ಒಂದು ಎಲ್‌ಇಡಿ ಬಲ್ಬ್ ಹಾಕಿದ. ಝಗ್ ಅಂತ ಉರಿಯಿತು. 'ನೋಡಣ್ಣ, ಕರೆಂಟ್ ಫಸ್ಟ್ ಕ್ಲಾಸ್ ಬರ್ತಾ ಇದೆ' ಅಂದ. ನಾನೂ ಹೂಂ ಅಂದೆ. ಮೆಷಿನ್ ಹಾಕಿದೆವು. ಒಂದು ಗಂಟೆ ಓಡಿತು. ಆಮೇಲೆ ಕೀಂಯ್ ಅಂತ ಕೂಗಿ, ಸುಟ್ಟ ವಾಸನೆ ಬಂದು ನಿಂತೇ ಹೋಯಿತು. ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯವರ ಜೀಪಿನಲ್ಲಿ ದೊಡ್ಡಮ್ಮನನ್ನು ಕೂರಿಸಿಕೊಂಡು, ಬಿದ್ದ ಕೊಂಬೆಗಳನ್ನು ಎಳೆದುಹಾಕುತ್ತಾ ತಾಲ್ಲೂಕು ಆಸ್ಪತ್ರೆ ಸೇರಿದ್ದು ಒಂದು ಗಂಟೆಗೆ. ನಾಲ್ಕು ದಿನ ಅಲ್ಲಿದ್ದು ವಾಪಸ್ ಬಂದರು. ಅದೊಂದು ಪುಣ್ಯ.

ನಾನು ಬರೆಯಬೇಕೆಂದಿರುವುದು ಮಾರನೇ ದಿನದ ಜಗಳದ ಬಗ್ಗೆ.

ಬೆಳಿಗ್ಗೆ ನಮ್ಮ ಕಡೆ ವೈರಿಂಗ್ ಕೆಲಸ ಮಾಡುವ ಹುಡುಗನನ್ನು ಕರೆಸಿದೆ. ಅವನು ಜನರೇಟರ್ ಸ್ಟಾರ್ಟ್ ಮಾಡಿ, ಏನೂ ಲೋಡ್ ಹಾಕದೆ, ಸಾಕೆಟ್‌ಗೆ ಮೀಟರ್ ಕಡ್ಡಿ ಇಟ್ಟ. 281 ವೋಲ್ಟ್. ಮೀಟರಿನ ಗುಂಡಿ ತಿರುಗಿಸಿ ಹರ್ಟ್ಸ್ ನೋಡಿದ. 55.8. 'ಅಣ್ಣ, ಇದಕ್ಕೆ ಟಿವಿ ಹಾಕಿದ್ರೂ ಹೋಗ್ತಿತ್ತು' ಅಂದ. ನಮ್ಮ ಮನೆಗೆ ಬರಬೇಕಾದದ್ದು 230 ವೋಲ್ಟ್, 50 ಹರ್ಟ್ಸ್. ಹೆಚ್ಚುಕಮ್ಮಿ ಅಂದರೆ ಶೇ 10, ಅಂದರೆ 207ರಿಂದ 253ರ ಒಳಗೆ.

ಅಂಗಡಿಗೆ ಫೋನ್ ಮಾಡಿದೆ. ಯಜಮಾನರು ಹೇಳಿದ್ದು ಇಷ್ಟು: 'ನಿಮ್ಮ ಮೆಷಿನ್ನೇ ಹಳೇದಿರಬೇಕು ಸಾರ್. ನಮ್ಮದು ಮೊನ್ನೆ ತನಕ ಆರ್ಕೆಸ್ಟ್ರಾಕ್ಕೆ ಹೋಗಿ ಬಂದಿದೆ, ಏನೂ ಆಗಿಲ್ಲ. ನೀವು ಇವತ್ತು 281 ಅಂತೀರಿ, ನಿನ್ನೆ ರಾತ್ರಿ ಎಷ್ಟಿತ್ತು ಅಂತ ನೋಡಿದ್ರಾ?'

ನೋಡಿರಲಿಲ್ಲ. ನಾನು ವರದಿಗಾರ. ಯಾರಾದರೂ ಏನಾದರೂ ಹೇಳಿದರೆ 'ದಾಖಲೆ ಏನಿದೆ' ಅಂತ ಕೇಳುವುದೇ ನನ್ನ ಕೆಲಸ. ನನ್ನ ಕೈಯಲ್ಲಿ ದಾಖಲೆ ಇರಲಿಲ್ಲ. ಜನರೇಟರಿನಿಂದಲೇ ಮೆಷಿನ್ ಹೋಯಿತು ಅಂತ ಇವತ್ತಿಗೂ ನಾನು ಸಾಬೀತು ಮಾಡಲಾರೆ. ಅವರೂ ಅಲ್ಲ ಅಂತ ಸಾಬೀತು ಮಾಡಲಾರರು. ಆ ರಾತ್ರಿ ಯಾರೂ ಅಳೆಯಲಿಲ್ಲ, ಅಷ್ಟೇ.

ಡೇರಿಗೆ ಹಾಲು ಹಾಕುವಾಗ ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೆ ಜಗಳ ಆಡುತ್ತೇವೆ. ಪೆಟ್ರೋಲ್ ಬಂಕಿನಲ್ಲಿ ಸೊನ್ನೆ ತೋರಿಸಿದ ಮೇಲೇ ಹಾಕಿಸಿಕೊಳ್ಳುತ್ತೇವೆ. ಕಾಫಿ, ಮೆಣಸು ತೂಗುವ ಸ್ಕೇಲಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಬಾಡಿಗೆ ಜನರೇಟರಿನ ಕರೆಂಟನ್ನು ಮಾತ್ರ ಬಲ್ಬ್ ಉರಿಯಿತಲ್ಲ ಅಂತ ತಗೊಂಡು ಬಿಡುತ್ತೇವೆ.

ಈ ಬಲ್ಬ್ ಪರೀಕ್ಷೆಗೆ ಒಂದು ಕಾಲದಲ್ಲಿ ಅರ್ಥ ಇತ್ತು. ಹಳೇ ತಂತಿ ಬಲ್ಬ್, ಅದೇ ಹಳದಿ ಬೆಳಕಿನ ಗುಂಡು ಬಲ್ಬ್, ವೋಲ್ಟೇಜ್ ಶೇ 10 ಇಳಿದರೆ ಬೆಳಕು ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿಯುತ್ತಿತ್ತು. ಜಾಸ್ತಿಯಾದರೆ ಬೆಳ್ಳಗೆ ಹೊಳೆದು ಬೇಗ ಸಾಯುತ್ತಿತ್ತು. ನಮ್ಮ ಅಪ್ಪನಂಥವರು ಬಲ್ಬ್ ನೋಡಿಯೇ 'ಇವತ್ತು ಕರೆಂಟ್ ಡಿಮ್ಮು, ಮೋಟಾರ್ ಹಾಕಬೇಡ' ಅನ್ನುತ್ತಿದ್ದರು. ಈಗಿನ ಎಲ್‌ಇಡಿ ಹಾಗಲ್ಲ. ಅದರ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರ ಮೇಲೆ 100ರಿಂದ 300 ವೋಲ್ಟ್ ಅಂತ ಇರುತ್ತದೆ. ಒಳಗಿನ ಸರ್ಕ್ಯೂಟ್ 140 ಬಂದರೂ 280 ಬಂದರೂ ಒಂದೇ ಥರ ಬೆಳಗಿಸುತ್ತದೆ. ಬಲ್ಬಿಗೆ ಅದು ಒಳ್ಳೇ ಗುಣ, ಆದರೆ ಸಾಕ್ಷಿ ಹೇಳುವುದಕ್ಕೆ ಅದು ಬರುವುದಿಲ್ಲ. ಮೊಬೈಲ್ ಚಾರ್ಜರ್ ಕೂಡ ಹಾಗೇ, 100ರಿಂದ 240 ಅಂತ ಬರೆದಿರುತ್ತದೆ. 'ಮೊಬೈಲ್ ಚಾರ್ಜ್ ಆಗ್ತಿದೆ, ಕರೆಂಟ್ ಸರಿ ಇದೆ' ಅನ್ನುವ ಮಾತಿಗೂ ಬೆಲೆಯಿಲ್ಲ.

ಹಾಗಾದರೆ ಆ ಜನರೇಟರಿಗೆ ಆಗಿದ್ದೇನು? ನಮ್ಮ ಹುಡುಗ ಕವರ್ ಪಕ್ಕಕ್ಕೆ ಬಗ್ಗಿ ಒಂದು ಸ್ಪ್ರಿಂಗ್, ಒಂದು ನಟ್ ತೋರಿಸಿದ. ಗವರ್ನರ್. ಇಂಜಿನ್ ಎಷ್ಟು ವೇಗವಾಗಿ ತಿರುಗಬೇಕು ಅನ್ನುವುದನ್ನು ಹಿಡಿದಿಡುವುದು ಅದು. ಸಾಮಾನ್ಯ ಸಣ್ಣ ಪೆಟ್ರೋಲ್ ಜನರೇಟರಿನಲ್ಲಿ ಇಂಜಿನ್ ಒಂದು ಸುತ್ತು ತಿರುಗಿದರೆ ಕರೆಂಟಿನ ಒಂದು ಅಲೆ. ಸೆಕೆಂಡಿಗೆ 50 ಸುತ್ತು, ಅಂದರೆ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್. ಲೋಡ್ ಬಿದ್ದಾಗ ಇಂಜಿನ್ ಸ್ವಲ್ಪ ಕುಗ್ಗುತ್ತದೆ. ಅದಕ್ಕಾಗಿ ಖಾಲಿ ಓಡುವಾಗ 52 ಚಿಲ್ಲರೆ ಇಟ್ಟು, ಪೂರ್ತಿ ಲೋಡಿಗೆ 50ಕ್ಕೆ ಬರುವ ಹಾಗೆ ಹೊಂದಿಸಿರುತ್ತಾರೆ. ಯಾವುದೋ ಆರ್ಕೆಸ್ಟ್ರಾದಲ್ಲಿ ಲೋಡ್ ಜಾಸ್ತಿಯಾಗಿ ಇಂಜಿನ್ ಕುಗ್ಗಿದಾಗ ಯಾರೋ ಆ ನಟ್ ಬಿಗಿ ಮಾಡಿದ್ದಾರೆ. ಅಲ್ಲಿಗೆ ಸರಿಹೋಗಿದೆ. ಅದೇ ಯಂತ್ರ ದೊಡ್ಡಮ್ಮನ ಮನೆಗೆ ಬಂದು, ಬರೀ ಮುನ್ನೂರು ಚಿಲ್ಲರೆ ವ್ಯಾಟಿನ ಮೆಷಿನ್ ಮತ್ತು ಎರಡು ಬಲ್ಬಿಗೆ ಓಡಿದಾಗ ವೇಗ ಇಳಿಯಲೇ ಇಲ್ಲ. ಕೆಪಾಸಿಟರ್ ಮೇಲೆ ವೋಲ್ಟೇಜ್ ನಿಲ್ಲಿಸುವ ಅಗ್ಗದ ಜನರೇಟರಿನಲ್ಲಿ ವೇಗ ಹೆಚ್ಚಿದರೆ ವೋಲ್ಟೇಜ್ ಅದಕ್ಕಿಂತ ಜೋರಾಗಿ ಏರುತ್ತದೆ. ಎವಿಆರ್ ಇರುವುದರಲ್ಲಿ ವೋಲ್ಟೇಜ್ ಸರಿ ಇದ್ದರೂ ಹರ್ಟ್ಸ್ ತಪ್ಪಿರಬಹುದು. ಅದಕ್ಕೇ ಎರಡನ್ನೂ ನೋಡಬೇಕು.

ಹರ್ಟ್ಸ್ ತಪ್ಪಿದರೆ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಲೆಕ್ಕ. 56 ಹರ್ಟ್ಸ್ ಕೊಟ್ಟರೆ ನೀರಿನ ಮೋಟಾರ್ ಶೇ 12ರಷ್ಟು ಜೋರಾಗಿ ತಿರುಗುತ್ತದೆ. ಪಂಪಿನ ಹೊರೆ ವೇಗದ ಮೂರರಷ್ಟು ಘಾತದಲ್ಲಿ ಏರುವುದರಿಂದ ಅದು ಶೇ 40ರ ಹತ್ತಿರ ಹೆಚ್ಚಾಗುತ್ತದೆ. ನೀರು ಜೋರಾಗಿ ಬಂತು ಅಂತ ಖುಷಿಪಡುತ್ತಿರುತ್ತೇವೆ, ಒಳಗೆ ವೈಂಡಿಂಗ್ ಕಾಯುತ್ತಿರುತ್ತದೆ. ಸ್ಟೆಬಿಲೈಸರ್ ಇದೆಯಲ್ಲ ಅನ್ನಬೇಡಿ. ಸ್ಟೆಬಿಲೈಸರ್ ವೋಲ್ಟೇಜ್ ಮಾತ್ರ ನೋಡುತ್ತದೆ, ಹರ್ಟ್ಸ್ ಅದರ ಕೈಲಿಲ್ಲ.

ಅಳೆಯುವುದು ದೊಡ್ಡ ವಿದ್ಯೆ ಏನಲ್ಲ. ಹರ್ಟ್ಸ್ ತೋರಿಸುವ ಸಾಮಾನ್ಯ ಡಿಜಿಟಲ್ ಮೀಟರ್ ಎರಡು ಮೂರು ಚೀಲ ಯೂರಿಯಾದ ದುಡ್ಡಿಗೆ ಸಿಗುತ್ತದೆ. ಆದರೆ ನನ್ನ ಕೇಳಿದರೆ ಮನೆಯವರಿಗೆ ಕಡ್ಡಿ ಮೀಟರಿಗಿಂತ ಪ್ಲಗ್ ಮೀಟರ್ ವಾಸಿ. ಅದನ್ನು ಸೀದಾ ಸಾಕೆಟ್‌ಗೆ ಚುಚ್ಚಿದರೆ ವೋಲ್ಟ್, ಹರ್ಟ್ಸ್, ಆಂಪ್ಸ್, ವ್ಯಾಟ್ ಎಲ್ಲ ಪರದೆ ಮೇಲೆ ಬರುತ್ತದೆ, ಬೆರಳು ತಂತಿಯ ಹತ್ತಿರ ಹೋಗುವ ಪ್ರಮೇಯವೇ ಇಲ್ಲ. ಕಡ್ಡಿ ಮೀಟರಿನಲ್ಲಿ ಒಂದು ಅಪಾಯ ಇದೆ. ಕೆಂಪು ಕಡ್ಡಿಯನ್ನು ಆಂಪ್ಸ್ ಅಳೆಯುವ 10ಎ ತೂತಿನಲ್ಲಿ ಬಿಟ್ಟು ಮರೆತು ಸಾಕೆಟ್‌ಗೆ ಇಟ್ಟರೆ ನೇರ ಶಾರ್ಟ್. ಕೈಯಲ್ಲೇ ಸಿಡಿಯುತ್ತದೆ. ಗುಂಡಿ ಎಸಿ ವೋಲ್ಟ್ ಕಡೆ ಇದೆಯಾ, ಕಡ್ಡಿ ಸರಿಯಾದ ತೂತಿನಲ್ಲಿ ಇದೆಯಾ ಅಂತ ಎರಡು ಸಲ ನೋಡಿ. ಅಭ್ಯಾಸ ಇಲ್ಲದಿದ್ದರೆ ವೈರಿಂಗ್ ಗೊತ್ತಿರುವವರ ಕೈಲೇ ಮಾಡಿಸಿ.

ಮೊದಲು ಇಂಜಿನ್ ಐದು ನಿಮಿಷ ಬಿಸಿಯಾಗಲಿ. ಚೋಕ್ ಎಳೆದಿರುವಾಗ ನೋಡಿದ ಅಂಕಿಗೆ ಬೆಲೆಯಿಲ್ಲ. ಖಾಲಿ ಓಡುವಾಗ ಒಮ್ಮೆ ನೋಡಿ ಬರೆದುಕೊಳ್ಳಿ. ಆಮೇಲೆ ಇಸ್ತ್ರಿಪೆಟ್ಟಿಗೆ ಹಾಕಿ ಪೂರ್ತಿ ಕಾಯಲು ಬಿಡಿ, ಅದು ಹೆಚ್ಚುಕಮ್ಮಿ ಸಾವಿರ ವ್ಯಾಟ್, ಪರೀಕ್ಷೆಗೆ ಅದಕ್ಕಿಂತ ಒಳ್ಳೇ ಲೋಡ್ ಮನೆಯಲ್ಲಿ ಇಲ್ಲ. ಆಗ ವೋಲ್ಟ್, ಹರ್ಟ್ಸ್ ಎಷ್ಟಕ್ಕೆ ಇಳಿಯಿತು ನೋಡಿ. ಇಸ್ತ್ರಿಪೆಟ್ಟಿಗೆ ತಟ್ಟನೆ ಕಿತ್ತಾಗ ಎಷ್ಟಕ್ಕೆ ಹಾರಿತು ಅನ್ನುವುದನ್ನೂ ನೋಡಿ, ಯಾಕೆಂದರೆ ಬೋರ್ಡುಗಳು ಸಾಯುವುದು ಹೆಚ್ಚಾಗಿ ಅಂಥ ಹೊತ್ತಿನಲ್ಲೇ. ಪಕ್ಕದಲ್ಲಿ ರುಬ್ಬುವ ಯಂತ್ರ ಓಡಿಸಿ ನಿಲ್ಲಿಸುತ್ತಿದ್ದರೆ ಅದೇ ಸಾಲಿನಲ್ಲಿ ಆಕ್ಸಿಜನ್ ಮೆಷಿನ್ ಇರಬಾರದು.

ಎಷ್ಟು ಏರಿಳಿತ ಇರಬಹುದು ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 8528 ಅಂತ. ಅದರಲ್ಲಿ ಜನರೇಟರುಗಳನ್ನು ಜಿ1, ಜಿ2, ಜಿ3 ಅಂತ ದರ್ಜೆ ಮಾಡಿದ್ದಾರೆ. ಬರೀ ದೀಪ, ಸಾಮಾನ್ಯ ಲೋಡಿಗೆ ಸಾಕಾಗುವ ಜಿ1ನಲ್ಲೂ ವೋಲ್ಟೇಜ್ ನಿಂತ ಮೇಲೆ ಶೇ 5ಕ್ಕಿಂತ ಆಚೀಚೆ ಹೋಗಬಾರದು, ಅಂದರೆ ಸುಮಾರು 218ರಿಂದ 242. ಸೂಕ್ಷ್ಮ ಯಂತ್ರಗಳಿಗೆ ಹೇಳಿದ ಜಿ3ನಲ್ಲಿ ಅದು ಶೇ 1. ನಮಗೆ ಸಿಕ್ಕಿದ್ದು ಶೇ 22 ಮೇಲೆ. ಯಾವ ದರ್ಜೆಯೂ ಅಲ್ಲ ಅದು.

ಇನ್ನೊಂದು ಕಡೆ ಬಹಳ ಜನ ಮೋಸ ಹೋಗುತ್ತಾರೆ. ಸಣ್ಣ ಜನರೇಟರಿನ ಎರಡೂ ತೂತಿನಲ್ಲಿ ಟೆಸ್ಟರ್ ಮಂಕಾಗಿ ಉರಿಯಬಹುದು. ಒಂದು ಕಡ್ಡಿ ಸಾಕೆಟ್‌ಗೆ, ಇನ್ನೊಂದು ಅರ್ತ್‌ಗೆ ಇಟ್ಟರೆ 115 ಆಸುಪಾಸು ತೋರಿಸಬಹುದು. 'ಅರ್ಧ ಕರೆಂಟೇ ಬರ್ತಿದೆ' ಅಂತ ಗವರ್ನರ್ ತಿರುಗಿಸಲು ಹೋದವರಿದ್ದಾರೆ. ಬಹಳಷ್ಟು ಸಣ್ಣ ಜನರೇಟರಿನಲ್ಲಿ ನ್ಯೂಟ್ರಲ್ಲನ್ನು ಅರ್ತ್‌ಗೆ ಕಟ್ಟಿರುವುದಿಲ್ಲ, ಅದು ತೇಲುತ್ತಿರುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಎರಡು ತೂತುಗಳ ನಡುವೆ. ಇದರ ಜೊತೆಗೇ ತಿಳಿದಿರಬೇಕಾದ ಮಾತು, ಹೀಗೆ ತೇಲುವ ಕರೆಂಟಿನಲ್ಲಿ ಮನೆಯ ಇಎಲ್‌ಸಿಬಿ ಕಾಪಾಡುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಮೀಟರ್ ಸುಳ್ಳು ಹೇಳುವುದೂ ಉಂಟು. ಅಗ್ಗದ ಮೀಟರ್ ಅಲೆಯ ಸರಾಸರಿ ತಗೊಂಡು, ಅಲೆ ನುಣ್ಣಗೆ ಇದೆ ಅಂತ ನಂಬಿ, 1.11ರಿಂದ ಗುಣಿಸಿ ಅಂಕಿ ತೋರಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಬರುವ ಅಗ್ಗದ ಇನ್ವರ್ಟರಿನ ಕರೆಂಟ್ ನಿಜವಾಗಿ 230 ಇದ್ದರೂ ಅದು 180 ಅನ್ನಬಹುದು. 'ಟ್ರೂ ಆರ್‌ಎಂಎಸ್' ಅಂತ ಬರೆದಿರುವ ಮೀಟರ್ ನಿಜವಾದ ಅಂಕಿ ಹೇಳುತ್ತದೆ. ಎರಡೂ ಥರದ್ದು ಸಿಕ್ಕಿದರೆ ಒಂದು ಉಪಾಯ ಇದೆ: ಒಂದೇ ಸಾಕೆಟ್‌ಗೆ ಎರಡನ್ನೂ ಇಟ್ಟು ನೋಡಿ, ಅಂಕಿಗಳು ದೂರ ದೂರ ಬಂದರೆ ಅಲೆಯ ಆಕಾರ ಕೆಟ್ಟಿದೆ ಅಂತ. ಮನೆಯ ಯುಪಿಎಸ್ ಜನರೇಟರ್ ಕರೆಂಟಿಗೆ ಚಾರ್ಜೇ ತಗೊಳ್ಳದೆ ಟಿಕ್ ಟಿಕ್ ಅನ್ನುತ್ತಿದ್ದರೆ ಯುಪಿಎಸ್ ಕೆಟ್ಟಿದೆ ಅಂತ ಬೈಯಬೇಡಿ. ಅದಕ್ಕೆ ಗೊತ್ತಾದದ್ದು ನಮಗೆ ಗೊತ್ತಾಗಿರುವುದಿಲ್ಲ.

ಸದ್ದು, ಹೊಗೆ ಅಂತ ಜನರೇಟರನ್ನು ದೂರ ಇಡುತ್ತೇವೆ. ಇಡಲೇಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ, ಜಗುಲಿಯ ಕಿಟಕಿ ಪಕ್ಕ ಓಡಿಸಿದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಆದರೆ ದೂರ ಇಟ್ಟಾಗ ಉದ್ದದ ತೆಳ್ಳಗಿನ ವೈರ್ ಹಾಕಬೇಡಿ. 1 ಚದರ ಮಿಲಿಮೀಟರ್ ತಾಮ್ರದ ವೈರ್ 50 ಮೀಟರ್ ಎಳೆದು 8 ಆಂಪ್ಸ್ ಹರಿಸಿದರೆ ದಾರಿಯಲ್ಲೇ 15 ವೋಲ್ಟ್ ಹತ್ತಿರ ಹೋಗುತ್ತದೆ. 2.5ರ ವೈರಿನಲ್ಲಿ 6 ಚಿಲ್ಲರೆ. ಅದಕ್ಕೇ ಜನರೇಟರ್ ಬುಡದಲ್ಲಿ ಒಮ್ಮೆ, ಯಂತ್ರ ಹಾಕುವ ಸಾಕೆಟ್ಟಿನಲ್ಲಿ ಒಮ್ಮೆ ಅಳೆಯಬೇಕು.

ಮದುವೆ, ಜಾತ್ರೆಗೆ ಬರುವ ಮೂರು ಫೇಸಿನ ದೊಡ್ಡ ಜನರೇಟರಿನ ಕಥೆ ಇನ್ನೂ ಬೇರೆ. ಅಲ್ಲಿ ನ್ಯೂಟ್ರಲ್ ವೈರ್ ಒಂದು ಕಡೆ ಸಡಿಲ ಆದರೆ ಸಾಕು, 230 ಇರಬೇಕಾದ ಕಡೆ 400ರ ಹತ್ತಿರ ಹೋಗುತ್ತದೆ. ಒಂದು ಕಡೆಯ ದೀಪ ಮಂಕಾಗಿ, ಇನ್ನೊಂದು ಕಡೆ ಆಂಪ್ಲಿಫೈಯರ್, ಸೀರಿಯಲ್ ಸೆಟ್, ಅಡುಗೆಯವರ ಮಿಕ್ಸಿ ಎಲ್ಲ ಒಟ್ಟಿಗೆ ಹೋಗುತ್ತವೆ. ಇದನ್ನು ನೋಡಿರದ ಸೌಂಡ್ ಸಿಸ್ಟಮ್‌ನವರು ಯಾರೂ ಇಲ್ಲ. ಕೇಳಿ ನೋಡಿ.

ಮನೆಯ ಬೋರ್ಡಿಗೆ ಎರಡೂ ಕಡೆ ಪಿನ್ ಇರುವ ವೈರ್ ಚುಚ್ಚಿ ಜನರೇಟರ್ ಕೊಡುವವರಿಗೂ ಒಂದು ಮಾತು. ಚೇಂಜೋವರ್ ಸ್ವಿಚ್ ಇಲ್ಲದೆ ಹಾಗೆ ಮಾಡಿದರೆ ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ಮಳೆಯಲ್ಲಿ ನೆನೆಯುತ್ತಾ ನಿಮಗಾಗಿಯೇ ಲೈನ್ ಸರಿ ಮಾಡುತ್ತಿರುವ ಲೈನ್‌ಮನ್ ಆ ತಂತಿ ಹಿಡಿದಿರುತ್ತಾನೆ.

ಈಗ ನನ್ನ ಬೇಡಿಕೆ ಹೇಳುತ್ತೇನೆ. ಸರ್ಕಾರಕ್ಕೆ ಅಲ್ಲ, ಮೊದಲು ಬಾಡಿಗೆ ಕೊಡುವವರಿಗೆ. ಜನರೇಟರಿನ ಹೊಗೆಗೂ ಸದ್ದಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ ಇದೆ, ಅದು ಹೊಸ ಯಂತ್ರ ಕಾರ್ಖಾನೆಯಿಂದ ಬರುವಾಗ. ಹತ್ತು ವರ್ಷ ಬಾಡಿಗೆ ತಿರುಗಿದ ಯಂತ್ರದ ಸಾಕೆಟ್ಟಿನಿಂದ ಏನು ಬರುತ್ತಿದೆ ಅಂತ ನಮ್ಮ ಹೋಬಳಿಯಲ್ಲಿ ನೋಡುವವರು ಯಾರೂ ಇಲ್ಲ. ಆದ್ದರಿಂದ ಬಾಡಿಗೆ ಚೀಟಿಯ ಮೇಲೆ ನಾಲ್ಕು ಅಂಕಿ ಬರೆದುಕೊಡಿ: ಖಾಲಿ ಇದ್ದಾಗ ವೋಲ್ಟ್, ಹರ್ಟ್ಸ್, ಸಾವಿರ ವ್ಯಾಟ್ ಹಾಕಿದಾಗ ವೋಲ್ಟ್, ಹರ್ಟ್ಸ್. ಗಿರಾಕಿಯ ಎದುರಿಗೇ ಅಳೆದು ಬರೆಯಿರಿ. ಯಂತ್ರ ವಾಪಸ್ ಬಂದಾಗಲೂ ಅಷ್ಟೇ.

ಇದನ್ನು ಆ ಯಜಮಾನರ ಮುಂದೆ ಇಟ್ಟೆ. ಅವರು ಹೇಳಿದ್ದರಲ್ಲೂ ನ್ಯಾಯ ಇದೆ. 'ಐದು ಬಲ್ಬಿಗೆ ಅಂತ ತಗೊಂಡು ಹೋಗ್ತಾರೆ ಸಾರ್, ಅಲ್ಲಿ ಗೀಸರ್ ಹಾಕ್ತಾರೆ, ಮೋಟಾರ್ ಹಾಕ್ತಾರೆ. ಇಂಜಿನ್ ಕುಗ್ಗಿದ್ರೆ ತಾವೇ ಸ್ಪ್ಯಾನರ್ ಹಿಡೀತಾರೆ. ನನ್ನ ವೈಂಡಿಂಗ್ ಸುಟ್ಟಾಗ ಯಾರು ದುಡ್ಡು ಕೊಟ್ರು?' ನಿಜ. 3 ಕೆವಿಎ ಅಂತ ಬರೆದಿದ್ದರೆ ಪವರ್ ಫ್ಯಾಕ್ಟರ್ 0.8 ಹಿಡಿದರೆ 2.4 ಕಿಲೋವ್ಯಾಟ್ ಮಾತ್ರ. ಮೋಟಾರ್ ಶುರುವಾಗುವಾಗ ಓಡುವಾಗಿನ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ಇದನ್ನು ಗಿರಾಕಿಗೆ ಯಾರೂ ಹೇಳಿರುವುದಿಲ್ಲ, ಗಿರಾಕಿ ಕೇಳಿರುವುದೂ ಇಲ್ಲ. ಅದಕ್ಕೇ ಚೀಟಿ ಅವರನ್ನೂ ಕಾಪಾಡುತ್ತದೆ ಅಂದೆ. ಹೋಗುವಾಗ 52 ಇದ್ದ ಹರ್ಟ್ಸ್ ಬರುವಾಗ 56 ಆಗಿದ್ದರೆ ನಟ್ ತಿರುಗಿಸಿದವರು ಯಾರು ಅಂತ ಗೊತ್ತಾಗುತ್ತದಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮೀಟರ್ ಎಲ್ಲಿ ಸಿಗುತ್ತೆ?' ಅಂತ ಕೇಳಿದರು.

ಪಂಚಾಯಿತಿಗಳಿಗೂ ಒಂದು ಮಾತು ಇದೆ. ಊರಲ್ಲಿ ಆಕ್ಸಿಜನ್ ಮೆಷಿನ್, ನೆಬ್ಯುಲೈಸರ್ ಇಟ್ಟುಕೊಂಡ ಮನೆಗಳು ಎಷ್ಟಿವೆ ಅಂತ ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಪ್ಲಗ್ ಮೀಟರ್ ತಂದು ಪಂಚಾಯಿತಿ ಕಚೇರಿಯಲ್ಲಿ ಇಡಿ. ಕೇಳಿದವರಿಗೆ ಅರ್ಧ ಗಂಟೆ ಕೊಡಿ. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಹಾಗಂತ ಎಲ್ಲರೂ ದುಬಾರಿ ಇನ್ವರ್ಟರ್ ಜನರೇಟರ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಇಂಜಿನ್ ಎಷ್ಟೇ ವೇಗದಲ್ಲಿ ತಿರುಗಿದರೂ ಎಲೆಕ್ಟ್ರಾನಿಕ್ಸ್ 50 ಹರ್ಟ್ಸಿನ ನುಣ್ಣನೆಯ ಅಲೆ ಕಟ್ಟಿಕೊಡುತ್ತದೆ, ಕಾಯಿಲೆಯವರ ಮನೆಗೆ ಅದೇ ಸರಿ. ಆದರೆ ಬೆಲೆ ಕೇಳಿದರೆ ನಮ್ಮಂಥವರು ವಾಪಸ್ ಬರಬೇಕು. ಹಳೇ ಜನರೇಟರನ್ನೇ ಮೆಕ್ಯಾನಿಕ್ ಕೈಲಿ ಗವರ್ನರ್ ಸರಿ ಮಾಡಿಸಿ, ಅಳೆದು ಓಡಿಸಿದರೆ ಬಹಳಷ್ಟು ಕೆಲಸ ಆಗುತ್ತದೆ. ನಮ್ಮ ಹುಡುಗ ಆ ದಿನ ನಟ್ ಸಡಿಲಿಸಿ 52ಕ್ಕೆ ತಂದ, ವೋಲ್ಟೇಜ್ ತಾನಾಗಿಯೇ 240ಕ್ಕೆ ಇಳಿಯಿತು. ಇಸ್ತ್ರಿಪೆಟ್ಟಿಗೆ ಹಾಕಿದಾಗ 231. ಹತ್ತು ನಿಮಿಷದ ಕೆಲಸ.

ಕಾನ್ಸಂಟ್ರೇಟರ್ ರಿಪೇರಿಯಾಗಿ ಬರಲು ಒಂಬತ್ತು ದಿನ ಹಿಡಿಯಿತು. ಈಗ ದೊಡ್ಡಮ್ಮ ಮನೆಯಲ್ಲಿದ್ದಾರೆ. ಆ ಅಂಗಡಿಯಿಂದಲೇ ಮೊನ್ನೆ ಮತ್ತೆ ಜನರೇಟರ್ ಬಂತು. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ 238, 51.9, 229, 50.4 ಅಂತ ಬರೆದಿತ್ತು. ದೊಡ್ಡಮ್ಮ ಅದನ್ನು ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿಕೊಂಡಿದ್ದಾರೆ. ಜನರೇಟರ್ ತಂದ ಹುಡುಗ ಬಲ್ಬ್ ಹಾಕಿ ತೋರಿಸಲು ಹೋದ. 'ಅದಿರ್ಲಿ ಮಗ, ಮೀಟ್ರು ತಂದಿದ್ದೀಯಾ?' ಅಂದರಂತೆ.